ಕ್ಯಾಲೆಂಡರಿನ ಚೆಲುವೆಯರು

ಕ್ಯಾಲೆಂಡರು ಹುಟ್ಟಿದ್ದು ತಿಥಿವಾರಗಳನ್ನು ತಿಳಿಸುವುದಕ್ಕೆ. ಅದನ್ನು ವರ್ಷವಿಡೀ ಗೋಡೆಯ ಮೇಲೆ ಉಳಿಸಿದ್ದು ಮಾತ್ರ ಅದರ ಚಿತ್ರ. ಈ ಮರ್ಮವನ್ನರಿತ ಅಮೆರಿಕದ ಬ್ರೌನ್ ಅಂಡ್ ಬಿಗೆಲೋ ಕಂಪನಿಗಾಗಿ ಗಿಲ್ ಎಲ್ವ್‌ಗ್ರೆನ್ (1914–1980) ಎಂಬ ಕಲಾವಿದನು ಎರಡನೆಯ ಮಹಾಯುದ್ಧದ ತರುವಾಯ ಅನೇಕ ಚೆಲುವೆಯರ ಚಿತ್ರಗಳನ್ನು ಬರೆದನು. ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿಡುವ ಚಿತ್ರಗಳಾದ್ದರಿಂದ ಅವಕ್ಕೆ ‘ಪಿನ್-ಅಪ್’ ಎಂಬ ಹೆಸರು.

ಅವನ ತೈಲವರ್ಣದಲ್ಲಿ ಕೆನೆಯ ನುಣುಪಿದೆ, ನೆರಳಿನಲ್ಲಿಯೂ ಬಿಸುಪಿದೆ. ಬಣ್ಣದಷ್ಟೇ ಮುಖ್ಯವಾದದ್ದು ನಗೆ. ಹುಡುಗಿಯ ಲಂಗ ಬೇಲಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ನಾಯಿಯ ಹಗ್ಗ ಅವಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಹುಬ್ಬೇರಿಸಿ, ಬಾಯಿ ದುಂಡಗೆ ಮಾಡಿ ಅವಳು ಬೆರಗಾಗುತ್ತಾಳೆ. ತಪ್ಪೆಲ್ಲ ಬೇಲಿಯದು, ನಾಯಿಯದು! ನೋಡುವವನು ನಿಶ್ಚಿಂತನಾಗಿ ನೋಡಬಹುದು.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್. ಎಂ. ಪಂಡಿತರು ಕಲಬುರ್ಗಿಯವರು. ಅವರು ಹುಟ್ಟಿದ 1916ರಲ್ಲಿ ಕಲಬುರ್ಗಿಯಂತೆ ನಮ್ಮ ತಳಕಲ್ಲೂ ನಿಜಾಮರ ಆಳ್ವಿಕೆಗೆ ಸೇರಿತ್ತು. ಸಿನಿಮಾ ಭಿತ್ತಿಪತ್ರಗಳನ್ನೂ ‘ಫಿಲ್ಮ್ ಇಂಡಿಯಾ’ದ ಮುಖಚಿತ್ರಗಳನ್ನೂ ಬರೆದ ಆ ಕೈಯೇ ಕ್ಯಾಲೆಂಡರುಗಳಿಗೆ ಪುರಾಣದ ನಾಯಿಕೆಯರನ್ನು ಒದಗಿಸಿತು. ಅವರ ಮೇನಕೆಗೂ ಚಿತ್ರತಾರೆಯ ಕಾಂತಿಯೇ. ಹೊಳಪಿನಲ್ಲಿ ಅದು ಅಮೆರಿಕದ ಕ್ಯಾಲೆಂಡರಿಗೆ ಸೋಲುವುದಿಲ್ಲ. ಆದರೆ ಅಲ್ಲಿ ನಗೆಗೆ ಎಡೆಯಿಲ್ಲ. ಬೇಲಿಯ ಕೆಲಸವನ್ನು ಪುರಾಣವೇ ಮಾಡುತ್ತದೆ: ದೇವಕಥೆಯೆಂದ ಮೇಲೆ ನೋಡುವುದಕ್ಕೆ ಸಂಕೋಚವೇಕೆ?

ಹಾಗೆಂದು ಈ ನಗೆ ನಮ್ಮ ಪರಂಪರೆಗೆ ಹೊರಗಿನದಲ್ಲ. ಕಾಳಿದಾಸನ ಶಕುಂತಲೆ ಕಾಲಿಗೆ ದರ್ಭೆ ಚುಚ್ಚಿತೆಂದು ನಿಲ್ಲುತ್ತಾಳೆ, ನಾರುಡೆ ಕೊಂಬೆಗೆ ಸಿಕ್ಕಿತೆಂದು ತಿರುಗುತ್ತಾಳೆ. ದುಷ್ಯಂತನನ್ನು ಇನ್ನೊಮ್ಮೆ ನೋಡುವುದಕ್ಕೆ ಅವೆಲ್ಲ ನೆಪ. ಮುಳ್ಳಿನ ಆ ನೆಪವನ್ನು ರಾಜಾ ರವಿವರ್ಮನು ವರ್ಣಚಿತ್ರವಾಗಿಸಿದನು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯ ಇಂಥ ನಾಯಿಕೆಯರನ್ನು ಮನೆಮನೆಯ ಗೋಡೆಗೆ ತಂದಿತು. 1117ರ ಬೇಲೂರು ದೇವಾಲಯದಲ್ಲಿ ಕೋತಿಯೊಂದು ಮದನಿಕೆಯ ಸೀರೆಯನ್ನೇ ಎಳೆಯುತ್ತದೆ. ಅವಳು ಕೊಂಬೆಯೆತ್ತಿ ಅದನ್ನು ಗದರಿಸುತ್ತಾಳೆ.

ವಸ್ತು ಒಂದೇ, ನಗೆಯ ಒಡೆತನ ಬೇರೆ. ಎಲ್ವ್‌ಗ್ರೆನ್ನನ ಹುಡುಗಿ ಆಕಸ್ಮಿಕಕ್ಕೆ ಸಿಕ್ಕಿಬೀಳುತ್ತಾಳೆ. ನಗುವವನು ಚಿತ್ರದ ಹೊರಗಿರುವ ಗಂಡಸು. ಶಕುಂತಲೆಯಾದರೋ ಆಕಸ್ಮಿಕವನ್ನು ತಾನೇ ಹೂಡುತ್ತಾಳೆ. ನೋಟವೂ ಅವಳದು, ಜಾಣತನವೂ ಅವಳದು. ಮದನಿಕೆಯ ಕೈಯಲ್ಲಿ ಕೊಂಬೆಯಿದೆ.

ಕ್ಯಾಲೆಂಡರು ಕಲೆಯೇ ಅಲ್ಲವೆಂದು ಪಂಡಿತರು ಬಹುಕಾಲ ಮೂಗು ಮುರಿದರು. ಅಶ್ಲೀಲವೆಂದು ಮಡಿವಂತರು ಮುಖ ತಿರುಗಿಸಿದರು. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಚಿತ್ರದೊಳಗಿನ ಹೆಣ್ಣು ನಮ್ಮೊಡನೆ ನಗುತ್ತಿದ್ದಾಳೆಯೇ, ಅಥವಾ ನಾವು ಅವಳನ್ನು ನೋಡಿ ನಗುತ್ತಿದ್ದೇವೆಯೇ? ಬಣ್ಣ ಎಷ್ಟೇ ಸೊಗಸಾಗಿರಲಿ, ಚಿತ್ರದ ಯೋಗ್ಯತೆಯನ್ನು ಅಳೆಯಬೇಕಾದದ್ದು ಈ ಪ್ರಶ್ನೆಗೆ ದೊರೆಯುವ ಉತ್ತರದಿಂದ.