ಬೀದರಿಗೆ ಬಂದ ಎರಡು ನುಡಿಗಳು

ತೋಲ್ಪೆಟ್ಟಿಯಿಂದ ಕುಟ್ಟದ ಕಡೆಗೆ ಗಡಿ ದಾಟುವವನ ಕಣ್ಣಿಗೆ ಕಾಡು ಬದಲಾಗುವುದಿಲ್ಲ; ಫಲಕಗಳ ಲಿಪಿ ಮಾತ್ರ ಬದಲಾಗುತ್ತದೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ ಎಂಬ ಬಾಳುವೆ ನಮ್ಮ ಕುಟುಂಬಗಳಿಗೆ ಹೊಸದಲ್ಲ. ಆದರೆ ಹಿರಿಯರಲ್ಲಿ ಒಂದು ಅಳಲುಂಟು. ಮಕ್ಕಳ ಬಾಯಲ್ಲಿ ಮಲಯಾಳದ ಪದಗಳು ಸೇರಿ ಕನ್ನಡ ಕೆಡುತ್ತಿದೆ, ಇನ್ನೆರಡು ತಲೆಮಾರಿನಲ್ಲಿ ಉಳಿಯುವುದೋ ಇಲ್ಲವೋ ಎಂಬುದೇ ಆ ಅಳಲು. ಅದನ್ನು ತೂಗಿ ನೋಡಲು ದೂರದ ಎರಡು ಭಾಷೆಗಳನ್ನು ತಕ್ಕಡಿಯಾಗಿ ತೆಗೆದುಕೊಳ್ಳುತ್ತೇನೆ: ತುರ್ಕಿ ಮತ್ತು ರಷ್ಯನ್. ದೂರದವು ಎಂದೆನಾದರೂ, ಅವೆರಡೂ ಒಬ್ಬನೇ ವ್ಯಾಪಾರಿಯ ಬರಹದಲ್ಲಿ ಜೊತೆಗೂಡಿ ಕನ್ನಡ ನಾಡಿಗೆ ಬಂದುಹೋದವುಗಳೇ.

ಆ ವ್ಯಾಪಾರಿಯ ಹೆಸರು ಅಫನಾಸಿ ನಿಕಿತಿನ್. ರಷ್ಯದ ತ್ವೇರ್ ಪಟ್ಟಣದವನು. 15ನೆಯ ಶತಮಾನದ ಉತ್ತರಾರ್ಧದಲ್ಲಿ ವೋಲ್ಗಾ ನದಿಯ ಮಾರ್ಗವಾಗಿ ಹೊರಟ ಆತನ ಸರಕನ್ನು ಅಸ್ತ್ರಖಾನಿನ ಬಳಿ ತಾತಾರರು ಕೊಳ್ಳೆಹೊಡೆದರು. ಬರಿಗೈಯಲ್ಲಿ ಊರಿಗೆ ಮರಳಲಾರದೆ ಆತ ಪರ್ಷಿಯಕ್ಕಿಳಿದು, ಹೊರ್ಮುಜಿನಿಂದ ಒಂದು ಕುದುರೆಯೊಡನೆ ಹಡಗು ಹತ್ತಿ, ಚೌಲ್ ಬಂದರಿನಲ್ಲಿ ಇಳಿದನು. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಕುದುರೆಯನ್ನು ಕಸಿದುಕೊಂಡು, ಮತವನ್ನು ಬಿಟ್ಟರೆ ಹಿಂದಿರುಗಿಸುವೆನೆಂದನು. ಖುರಾಸಾನದವನೊಬ್ಬನ ಮಧ್ಯಸ್ಥಿಕೆಯಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು. ಕೊನೆಗೆ ಆ ಕುದುರೆ ಮಾರಾಟವಾದುದು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಬೀದರಿನಲ್ಲಿ. ಮಹಮೂದ್ ಗವಾನನು ಮಂತ್ರಿಯಾಗಿದ್ದ ಕಾಲವದು. ಆತ ಕಟ್ಟಿಸಿದ ಮದರಸೆಯ ಅವಶೇಷವನ್ನು ಇಂದಿಗೂ ಕಾಣಬಹುದು. (1957ರಲ್ಲಿ ಭಾರತ ಮತ್ತು ರಷ್ಯದವರು ಕೂಡಿ ನಿಕಿತಿನನ ಕಥೆಯನ್ನು ‘ಪರ್ದೇಸಿ’ ಎಂಬ ಚಲಚ್ಚಿತ್ರವಾಗಿ ತೆಗೆದರು.)

ನಿಕಿತಿನ್ ಬರೆದಿಟ್ಟ ಪ್ರವಾಸಕಥನ ರಷ್ಯನ್ ಭಾಷೆಯದು. ಆದರೆ ಓದುತ್ತ ಹೋದಂತೆ ಅದು ಫಕ್ಕನೆ ಬೇರೆ ನುಡಿಗೆ ಹೊರಳುತ್ತದೆ. ತುರ್ಕಿ ಕುಲದ ಮಾತಿಗೆ ಪಾರಸಿ, ಅರಬ್ಬಿ ಪದಗಳು ಬೆರೆತ ಪೇಟೆಯ ಭಾಷೆಯದು. ಇಂದಿನ ಇಸ್ತಾಂಬೂಲಿನ ತುರ್ಕಿಯೇ ಅಲ್ಲ, ಅದರ ದಾಯಾದಿ. ಬೆಲೆ, ಲೌಕಿಕ ಗುಟ್ಟು ಮುಂತಾದವನ್ನು ಆತ ಅದರಲ್ಲಿ ಬರೆದುದು ಸಹಜ. ಸೋಜಿಗದ ಸಂಗತಿಯೆಂದರೆ ಪ್ರಾರ್ಥನೆಗಳನ್ನೂ ಅದರಲ್ಲಿಯೇ ಬರೆದುದು.

ಈ ಎರಡು ನುಡಿಗಳಿಗೆ ರಕ್ತಸಂಬಂಧವೇನೂ ಇಲ್ಲ. ರಷ್ಯನ್ ಸ್ಲಾವಿಕ್ ಶಾಖೆಯದು, ಸಂಸ್ಕೃತಕ್ಕೆ ದೂರದ ನೆಂಟ. ಅಲ್ಲಿಯ ‘ಬ್ರಾತ್’ ನಮ್ಮ ‘ಭ್ರಾತೃ’ವಿನ ಒಡಹುಟ್ಟು, ‘ದ್ವಾ’, ‘ತ್ರಿ’ ಎಂಬ ಎಣಿಕೆಗಳಿಗೆ ವಿವರಣೆಯೇ ಬೇಡ. ತುರ್ಕಿಯ ವಂಶ ಬೇರೆ. ಕಟ್ಟಡವನ್ನು ನೋಡಿದರೂ ಹಾಗೆಯೇ. ‘ನಮ್ಮ ಮನೆಗಳಲ್ಲಿ’ ಎನ್ನಲು ತುರ್ಕಿಯವನು ‘ಎವ್‌ಲೆರಿಮಿಜ್‌ದೆ’ ಎನ್ನುತ್ತಾನೆ: ಎವ್ ಎಂದರೆ ಮನೆ, ಲೆರ್ ಎಂದರೆ ಗಳು, ಇಮಿಜ್ ಎಂದರೆ ನಮ್ಮ, ದೆ ಎಂದರೆ ಅಲ್ಲಿ. ಮಣಿ ಪೋಣಿಸಿದಂತೆ ಒಂದೊಂದು ಅರ್ಥಕ್ಕೆ ಒಂದೊಂದು ಪ್ರತ್ಯಯ. ರಷ್ಯದವನ ‘ವ್ ನಾಶಿಖ್ ದಮಾಖ್’ ಎಂಬಲ್ಲಿ ಕೊನೆಯ ‘ಆಖ್’ ಬಹುವಚನವನ್ನೂ ವಿಭಕ್ತಿಯನ್ನೂ ಒಟ್ಟಿಗೆ ಹೊತ್ತಿದೆ. ಬಿಡಿಸಿ ತೆಗೆಯಲು ಬಾರದು. ನಮ್ಮ ‘ಮನೆ-ಗಳ್-ಅಲ್ಲಿ’, ಮಲಯಾಳದ ‘ವೀಡು-ಗಳ್-ಇಲ್’ ಇವೆರಡೂ ತುರ್ಕಿಯ ರೀತಿಯವು. ಈ ಹೋಲಿಕೆಯನ್ನು ಕಂಡೇ ಕಾಲ್ಡ್‌ವೆಲ್ಲನು 1856ರ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ನಮ್ಮ ನುಡಿಗಳನ್ನು ತುರ್ಕಿ ಮೊದಲಾದವುಗಳ ‘ಸಿಥಿಯನ್’ ಬಳಗಕ್ಕೆ ಸೇರಿಸಲೆಳಸಿದನು. ಆ ನೆಂಟಸ್ತಿಕೆಯನ್ನು ಇಂದಿನ ವಿದ್ವಾಂಸರು ಒಪ್ಪಿಲ್ಲ. ಕಟ್ಟುವ ಕ್ರಮ ಒಂದೇ ಆದ ಮಾತ್ರಕ್ಕೆ ಕುಲ ಒಂದೇ ಆಗಬೇಕಾಗಿಲ್ಲವಷ್ಟೆ.

ಕ್ರಿಯಾಪದಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಬಂದವನು ಗಂಡಾದರೂ ಹೆಣ್ಣಾದರೂ ತುರ್ಕಿಯವನಿಗೆ ‘ಗೆಲ್ದಿ’ ಒಂದೇ. ಮಲಯಾಳಿಗೆ ‘ವನ್ನು’ ಒಂದೇ. ರಷ್ಯದವನು ಮಾತ್ರ ‘ಪ್ರಿಷೋಲ್’, ‘ಪ್ರಿಷ್ಲಾ’ ಎಂದು, ನಾವು ಬಂದನು, ಬಂದಳು ಎನ್ನುವಂತೆಯೇ ಬೇರ್ಪಡಿಸುತ್ತಾನೆ.

ಇನ್ನು ಪದಗಳ ಮಾತು. 13ನೆಯ ಶತಮಾನದಿಂದ 1480ರವರೆಗೆ ರಷ್ಯದ ಅರಸರು ತಾತಾರರಿಗೆ ಕಪ್ಪ ಕೊಡುವ ಸ್ಥಿತಿಯಲ್ಲಿದ್ದರು. ತುರ್ಕಿ ಕುಲದ ಪದಗಳು ಆ ಕಾಲದಲ್ಲಿ ರಷ್ಯನ್ನಿಗೆ ಧಾರಾಳವಾಗಿ ನುಗ್ಗಿದವು. ಹಣಕ್ಕೆ ‘ದೆಂಗಿ’ ಎಂಬುದೂ ಕುದುರೆಗೆ ‘ಲೋಷದ್’ ಎಂಬುದೂ ಆ ಮೂಲದವೆಂದೇ ಎಣಿಕೆ. ಪೆಟ್ಟಿಗೆಗೆ ‘ಸುಂದೂಕ್’, ಬೊಕ್ಕಸಕ್ಕೆ ‘ಕಜ್ನಾ’, ಸಂತೆಗೆ ‘ಬಜಾರ್’; ಅರಬ್ಬಿ ಪಾರಸಿಗಳಿಂದ ಹೊರಟ ಇವೇ ಪದಗಳು ಬೇರೆ ದಾರಿಯಿಂದ ನಮ್ಮಲ್ಲಿಗೂ ಬಂದು ಸಂದೂಕ, ಖಜಾನೆ, ಬಜಾರು ಎಂದು ನೆಲಸಿವೆ. ಇಷ್ಟಾದರೂ ರಷ್ಯನ್ ತುರ್ಕಿಯಾಗಲಿಲ್ಲ. ಬಂದ ಪದಗಳೆಲ್ಲ ರಷ್ಯದ ಪ್ರತ್ಯಯಗಳನ್ನು ತೊಟ್ಟು ರಷ್ಯನ್ನಾದವು.

ತುರ್ಕಿಯರು ನಡೆದುದು ಇನ್ನೊಂದು ದಾರಿ. 1928ರಲ್ಲಿ ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಹಿಡಿದರು. 1932ರಲ್ಲಿ ಭಾಷಾ ಸಂಸ್ಥೆಯೊಂದನ್ನು ಸ್ಥಾಪಿಸಿ ಅರಬ್ಬಿ, ಪಾರಸಿ ಪದಗಳನ್ನು ಕೀಳತೊಡಗಿದರು. ಓದು ಬರಹ ಜನಸಾಮಾನ್ಯರಿಗೆ ಹತ್ತಿರವಾಯಿತೆಂಬುದು ನಿಜ. ಆದರೆ ಮುಸ್ತಫಾ ಕೆಮಾಲನೇ 1927ರಲ್ಲಿ ಮಾಡಿದ ಸುದೀರ್ಘ ಭಾಷಣವನ್ನು ಮುಂದಿನ ತಲೆಮಾರಿನವರಿಗಾಗಿ ಹೊಸ ತುರ್ಕಿಗೆ ಮತ್ತೆ ಮತ್ತೆ ಇಳಿಸಬೇಕಾಯಿತು. ಮೊಮ್ಮಗನಿಗೆ ಅಜ್ಜನ ಕಾಗದ ಓದಲು ಬಾರದೆ ಹೋಗುವುದು ಸಣ್ಣ ನಷ್ಟವೆಂದು ನನಗೆ ತೋರುವುದಿಲ್ಲ.

ಇಷ್ಟನ್ನು ಬೆನ್ನಿಗಿಟ್ಟುಕೊಂಡು ನಮ್ಮೂರಿನ ಮಗುವಿನ ಮಾತನ್ನು ಕೇಳೋಣ. ‘ಪೀಡಿಗೆಯಿಂದ ಪಂಚಸಾರ ತಂದೆ’ ಎನ್ನುತ್ತದೆ ಮಗು. ಅಂಗಡಿಯೂ ಸಕ್ಕರೆಯೂ ಮಲಯಾಳವಾಗಿವೆ. ಆದರೆ ‘ಇಂದ’ ಕನ್ನಡ, ‘ತಂದೆ’ ಕನ್ನಡ. ಇದು ಕನ್ನಡ ವಾಕ್ಯವೇ ಸರಿ. ಕೊನೆಯ ಪದವೂ ‘ಕೊಂಡುವನ್ನು’ ಎಂದಾದ ದಿನ, ತಂದವರು ತಾನೋ ಅವನೋ ಅವಳೋ ಎಂಬುದನ್ನು ಕ್ರಿಯಾಪದವೇ ಹೇಳುವುದು ನಿಂತುಹೋಗುತ್ತದೆ. ಹಿರಿಯರು ಕಿವಿಗೊಡಬೇಕಾದುದು ಅಲ್ಲಿ. ಪಂಚಸಾರಕ್ಕೆ ಗದರುವುದರಿಂದ ಮಗು ಕನ್ನಡದ ಬಾಯನ್ನೇ ಮುಚ್ಚೀತು.

ನಿಕಿತಿನನಿಗೆ ಮರಳೋಣ. ದರೋಡೆಯಲ್ಲಿ ಗ್ರಂಥಗಳೂ ಹೋದುದರಿಂದ ಈ ನಾಡಿನಲ್ಲಿ ಆತನಿಗೆ ತನ್ನ ಹಬ್ಬದ ದಿನಗಳೇ ತಿಳಿಯದಾದವು. ಅದಕ್ಕಾಗಿ ಆತ ಬಹಳ ಮರುಗಿದ್ದಾನೆ. ತನ್ನ ರಷ್ಯದ ನೆಲವನ್ನು ದೇವರು ಕಾಯಲೆಂದೂ, ಅಲ್ಲಿಯ ಪ್ರಭುಗಳು ಅನ್ಯಾಯಗಾರರಾದರೂ ಅಂಥ ನೆಲ ಬೇರೆಲ್ಲಿಯೂ ಇಲ್ಲವೆಂದೂ ಬೇಡಿಕೊಂಡಿದ್ದಾನೆ. ಆ ಮಾತನ್ನು ಬರೆದುದು ತುರ್ಕಿಯಲ್ಲಿ. ದೇವರಿಗೆ ಅಲ್ಲಿ ಬಳಸಿದ ಪದವೂ ತುರ್ಕಿಯದೇ. ತ್ವೇರನ್ನು ಆತ ಮತ್ತೆ ಕಾಣಲಿಲ್ಲ. ಊರು ಮುಟ್ಟುವ ಮೊದಲೇ, ಸ್ಮೊಲೆನ್ಸ್ಕಿನ ಈಚೆಗೆ, ತೀರಿಕೊಂಡನು. ಆತನ ಬರಹದ ಪುಸ್ತಕಗಳನ್ನು ವ್ಯಾಪಾರಿಗಳು ಮಾಸ್ಕೋಗೆ ಒಯ್ದರು; 1475ರಲ್ಲಿ ಅವು ಅಲ್ಲಿಯ ಅಧಿಕಾರಿಯೊಬ್ಬನ ಕೈಸೇರಿದವು.