ಬಡಿಯೊಳಗೊಂದು ಏಣಿ

ವಿಶಾಖಪಟ್ಟಣಕ್ಕೆ ಬಂದ ಹೊಸತು. ಪಕ್ಕದ ಮನೆಯಾಕೆ ಮಗನಿಗೆ "ಬಡಿಕಿ ವೆಳ್ಳು" ಎಂದು ಗದರಿದ್ದು ಕೇಳಿ, ಯಾರು ಯಾರನ್ನು ಬಡಿಯುತ್ತಾರೋ ಎಂದು ಗಾಬರಿಯಾಗಿದ್ದೆ. ತೆಲುಗಿನಲ್ಲಿ ಬಡಿ ಅಂದರೆ ಶಾಲೆ! ಆಮೇಲೆ ವಿಜಯವಾಡಕ್ಕೆ ಬಂದೆ, ತೆಲುಗೂ ಬಂತು. 2019ರಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳ ಸುಧಾರಣೆಗೆ 'ಮನ ಬಡಿ: ನಾಡು-ನೇಡು' ಯೋಜನೆ ತಂದಾಗ ಹಳೆಯದೆಲ್ಲ ನೆನಪಾಗಿ ನಕ್ಕೆ. ಇಲ್ಲಿ ನಾಡು ಅಂದರೆ ಅಂದು, ನೇಡು ಅಂದರೆ ಇಂದು.

ಮೊದಲು ಇಂದಿನ ಕತೆ. 2023ರಲ್ಲಿ ಇಲ್ಲಿನ ಸರ್ಕಾರಿ ಪ್ರೌಢಶಾಲೆಗಳ ತರಗತಿಗಳಿಗೆ ಮುಟ್ಟಿದರೆ ಸ್ಪಂದಿಸುವ ದೊಡ್ಡ ಡಿಜಿಟಲ್ ಪರದೆಗಳು ಬಂದವು. ಅದರ ಮೇಲೆ ಬರೆಯಬಹುದು, ವಿಡಿಯೊ ತೋರಿಸಬಹುದು. ಒಳ್ಳೆಯದೇ. ಆದರೆ ಪರದೆ ಒಂದು, ಮಕ್ಕಳು ನಲವತ್ತು ಎನ್ನಿ. ಭಾಗಾಕಾರ ಬಲ್ಲವನಿಗೂ ಕೂಡುವ ಲೆಕ್ಕವೇ ಬಾರದವಳಿಗೂ ಒಂದೇ ಪಾಠ ಹಾಕಿದರೆ ಅವಳ ಗತಿಯೇನು?

ಇನ್ನು ಅಂದಿನ ಕತೆ. ಇದೇ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ ಪದ್ಮನಾಭ ರಾವ್, ರಮಾ ದಂಪತಿ ಸುತ್ತಲಿನ ಹಳ್ಳಿ ಶಾಲೆಗಳಿಗಾಗಿ ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಅವನ್ನು ಒಂದು 'ಕಲಿಕಾ ಏಣಿ'ಯಲ್ಲಿ ಜೋಡಿಸಿದರು. ಮಗು ತಾನು ನಿಂತ ಮೆಟ್ಟಿಲು ನೋಡಿಕೊಂಡು ಕಾರ್ಡು ಎತ್ತಿಕೊಳ್ಳಬೇಕು. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಅಲ್ಲಿಗೆ ಹೋಗಿ ನೋಡಿಬಂದರು. ಹಾಗೆ ಹುಟ್ಟಿದ್ದೇ 'ನಲಿ-ಕಲಿ'. 2009-10ರಲ್ಲಿ ಅದು ಕರ್ನಾಟಕದಾದ್ಯಂತ ಹರಡಿತು. ಅಪ್ಪ ಅಮ್ಮನ ಜೊತೆ ಕೂಲಿಗೆ ಊರು ಬಿಟ್ಟ ಮಗು ತಿಂಗಳ ನಂತರ ಬಂದರೂ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಕಾರ್ಡು ಹರಿಯುತ್ತದೆ, ಮೇಷ್ಟ್ರಿಗೆ ಕೆಲಸ ಹೆಚ್ಚು, ನಿಜ. ಆದರೆ ಮಗು ಎಲ್ಲಿದೆ ಎಂಬುದು ಆ ಏಣಿಗೆ ಗೊತ್ತು.

ಇದೇ ಕೆಲಸವನ್ನು ಕಂಪ್ಯೂಟರೂ ಮಾಡಬಲ್ಲದು. 2015ರಲ್ಲಿ ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ತಂತ್ರಾಂಶವನ್ನು ಪರೀಕ್ಷಿಸಿದರು. ಆ ಅಧ್ಯಯನದಲ್ಲಿದ್ದ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು! ತಂತ್ರಾಂಶ ಒಬ್ಬೊಬ್ಬರ ಮಟ್ಟ ಅಳೆದು ಅಲ್ಲಿಂದಲೇ ಕಲಿಸಿತು. ನಾಲ್ಕೂವರೆ ತಿಂಗಳಲ್ಲಿ, ಈ ಅವಕಾಶ ಸಿಗದ ಮಕ್ಕಳಿಗಿಂತ ಇವರು ಸ್ಪಷ್ಟವಾಗಿ ಮುಂದೆ ಬಂದರು.

ಹಾಗಾಗಿ ಪರದೆ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದರ ಹಿಂದೆ ಏಣಿ ಇದೆಯೇ ಎಂದು ಕೇಳಬೇಕು. ಏಣಿ ಕೊಟ್ಟದ್ದು ಆಂಧ್ರ, ಅದನ್ನು ಊರೂರಿಗೆ ಒಯ್ದವರು ನಮ್ಮ ಮೇಷ್ಟ್ರುಗಳು. ನೇಡಿನ ಪರದೆಗೆ ನಾಡಿನ ಆ ಏಣಿಯನ್ನು ಆನಿಸಿಟ್ಟರೆ, ಹಿಂದಿನ ಬೆಂಚಿನ ಹುಡುಗಿಯೂ ಹತ್ತಿಯಾಳು.