ಕಂಬಂ ಕಣಿವೆಯ ದೇವರ ಆವು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲೂ ದಿಂಡಿಗಲ್, ವೇದಸಂದೂರು ಸೀಮೆಯಲ್ಲೂ ಕನ್ನಡ ಮನೆಮಾತಿನ ಒಕ್ಕಲು ಕುಲಗಳು ತಲೆಮಾರುಗಳಿಂದ ನೆಲೆಸಿವೆ. ಸುತ್ತಲಿನವರಿಗೆ ಇವರು ಕಪ್ಪಿಲಿಯರು, ಅನುಪ್ಪರು. ಕಂಬಂನ ಕಪ್ಪಿಲಿಯರು ದೇವರ ಹೆಸರಿನಲ್ಲಿ ಸಾಕುವ ದನದ ಹಿಂಡನ್ನು ತಮಿಳರು ‘ತಂಬಿರಾನ್ ಮಾಡು’ ಎಂದರೆ, ಕಪ್ಪಿಲಿಯರು ‘ದೇವರ ಆವು’ ಎನ್ನುತ್ತಾರೆ. ಹಳಗನ್ನಡದಲ್ಲಿ ಆವು ಎಂದರೆ ಹಸು; ಇಲ್ಲಿ ಆ ಮಾತು ಹೋರಿಗೂ ಸಲ್ಲುತ್ತದೆ.

ಹಿಂಡಿಗೊಂದು ಪಟ್ಟದ ಆವು ಇರುತ್ತದೆ. ಅದನ್ನು ಆರಿಸುವ ಬಗೆ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಎಡ್ಗರ್ ಥರ್ಸ್ಟನ್ ಅವರ 1909ರ ಗ್ರಂಥದಲ್ಲಿ ದಾಖಲಾಗಿದೆ. ಕರ್ಪೂರ ಹಚ್ಚಿ, ಹಣ್ಣುಕಾಯಿ ಅರ್ಪಿಸಿ, ಹಿಂಡಿನ ಮುಂದೆ ಕಬ್ಬಿನ ಕಂತೆ ಇಡುತ್ತಾರೆ. ಎಲ್ಲರೂ ಕಣ್ಣಿಟ್ಟು ಕಾಯುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೇ ಪಟ್ಟ. ಅಲ್ಲಿಂದ ಅದು ನಂದಗೋಪಾಲಸ್ವಾಮಿ. ಬದುಕಿರುವಷ್ಟು ಕಾಲವೂ ಪೂಜೆಗೆ ಪಾತ್ರ. ಇಲ್ಲಿ ಯಾವ ಶಾಸ್ತ್ರಗ್ರಂಥದ ಅಪ್ಪಣೆಯೂ ಬೇಕಿಲ್ಲ. ಹೋರಿಯ ನಡೆಯೇ ಅಪ್ಪಣೆ.

ಓಡುವ ಹೋರಿಯ ಡುಬ್ಬ ಹಿಡಿಯುವ ಆಟವಾದ ಈ ಸೀಮೆಯ ಜಲ್ಲಿಕಟ್ಟಿಗೂ ಗುಡಿಯ ನಂಟು ಹತ್ತಿರದ್ದು. ಹೋರಿಗಳನ್ನು ಬಿಡುವ ಬಾಗಿಲಾದ ವಾಡಿವಾಸಲಿನಿಂದ ಮೊದಲು ಹೊರಬರುವುದು ಗುಡಿಯ ಹೋರಿ. ಅದರ ಡುಬ್ಬಕ್ಕೆ ಯಾರೂ ಕೈ ಹಾಕುವುದಿಲ್ಲ. ಅದು ದಾಟಿಹೋದ ಮೇಲೆಯೇ ಆಟ.

ಈ ಆಟ 2006ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದಿಂದ ನಿಷೇಧಕ್ಕೊಳಗಾಯಿತು. 2009ರಲ್ಲಿ ರಾಜ್ಯ ಸರ್ಕಾರ ನಿಯಂತ್ರಣ ಕಾಯ್ದೆ ತಂದಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನೇ ರದ್ದುಮಾಡಿ, ಹೋರಿ ಪ್ರದರ್ಶನದ ಪ್ರಾಣಿಯಲ್ಲ, ಅದನ್ನು ಹಿಂಸಿಸುವುದು ಪರಂಪರೆಯೂ ಅಲ್ಲ ಎಂದಿತು. ಆಚರಣೆಯನ್ನು ನ್ಯಾಯಾಲಯವೇ ತೂಗುವುದು ಹೊಸದಲ್ಲ: ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದು ಎಂದು ನ್ಯಾಯಾಲಯ ಅಳೆಯುವ ಕ್ರಮ ಬೇರೂರಿದ್ದು ಉಡುಪಿಯ ಶಿರೂರು ಮಠದ 1954ರ ಮೊಕದ್ದಮೆಯಿಂದ. ಮಠಕ್ಕೆ ಒಪ್ಪುವ ಆ ಅಳತೆಗೋಲು ಬರಹವಿಲ್ಲದ ದೊಡ್ಡಿಯ ದೇವರಿಗೆ ಒಪ್ಪುವುದು ಕಷ್ಟ. ಆದರೆ ಹೋರಿಯ ನೋವಿನ ಬಗ್ಗೆ ನ್ಯಾಯಾಲಯ ಎತ್ತಿದ ಪ್ರಶ್ನೆ ನಿಜವಾದದ್ದು. ಹೋರಿಯನ್ನು ದೇವರೆನ್ನುವವರು ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲೇ ಕೇಳಿಕೊಳ್ಳಬೇಕಿತ್ತು.

2017ರ ಜನವರಿಯಲ್ಲಿ ನಿಷೇಧವನ್ನು ವಿರೋಧಿಸಿ ಚೆನ್ನೈನ ಮರೀನಾ ತೀರದಲ್ಲಿ ಜನಸಾಗರ ಸೇರಿತು. ಸುಗ್ರೀವಾಜ್ಞೆ ಬಂತು, ತಿದ್ದುಪಡಿ ಕಾಯ್ದೆ ಬಂತು. ಅದರ ನಿಯಮಗಳಂತೆ ಹೋರಿಯ ಬಾಲ ಹಿಡಿಯುವಂತಿಲ್ಲ; ಡುಬ್ಬ ಹಿಡಿದು ಮೂರು ಜಿಗಿತ, 30 ಸೆಕೆಂಡು ಅಥವಾ 15 ಮೀಟರ್ ತಾಳಿದರೆ ಸಾಕು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಯಾವುದು ಪರಂಪರೆ ಎಂಬ ವಿಷಯದಲ್ಲಿ ಶಾಸಕಾಂಗದ ಅಭಿಪ್ರಾಯವನ್ನು ಕದಲಿಸುವುದಿಲ್ಲ ಎಂದಿತು. ಕರ್ನಾಟಕದ ಕಂಬಳವೂ ಇದೇ ತೀರ್ಪಿನಿಂದ ಉಳಿಯಿತು.

ಕಣಿವೆಯ ದನಗಳಿಗೆ ಇದಕ್ಕಿಂತ ಹತ್ತಿರದ ತೀರ್ಪು 2022ರಲ್ಲಿ ಬಂದಿತ್ತು. ಮೇಘಮಲೆ ಕಾಡಿನ ಮೇವಿನ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ ಆ ಮಾರ್ಚ್‌ನಲ್ಲಿ ರಾಜ್ಯದ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಬಳಿಕ ಅದನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. ತೇನಿಯ ‘ಮಲೈ ಮಾಡು’ ತಳಿ ಬದುಕುವುದೇ ಬೆಟ್ಟದ ಮೇವಿನ ಮೇಲೆ. ಜಲ್ಲಿಕಟ್ಟಿಗೆ ಹೋರಿಗಳನ್ನು ಕೊಡುವ ತಳಿಗಳಲ್ಲಿ ಇದೂ ಒಂದು. ಆಟಕ್ಕಾಗಿ ಲಕ್ಷಾಂತರ ಜನ ಬೀದಿಗಿಳಿದರು. ಹುಲ್ಲಿಗಾಗಿ ಕೂಗಿದವರು ಹೆಚ್ಚಾಗಿ ದನಗಾಹಿಗಳೇ. ಮೇಘಮಲೆ 2021ರಲ್ಲೇ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಮೀಸಲು ಪ್ರದೇಶದ ಭಾಗವಾಗಿತ್ತು. ಹೀಗಾಗಿ ಸಡಿಲಗೊಂಡ ಆದೇಶದಡಿಯಲ್ಲೂ ಅಲ್ಲಿ ಮೇವಿನ ನಿಷೇಧ ಉಳಿಯಿತು.